ಒಲೆ ಪಕ್ಕದ ಜಾಗ

ಮೊದಲು ಅರ್ಧ ಸೌಟು ಬಿಸಿನೀರು ಹಾಕಿ ಕುಲುಕಿದಳು. ತಣ್ಣನೆಯ ಗಾಜಿಗೆ ಕುದಿನೀರು ಒಮ್ಮೆಗೇ ಬಿದ್ದರೆ ಬಾಟಲಿ ಬಿರಿಯುತ್ತದೆ. ಆ ನೀರನ್ನು ಹಂಡೆಗೇ ಮರಳಿ ಸುರಿದು, ಲಿಹ್ವಾ ಈಗ ಕತ್ತಿನ ತನಕ ತುಂಬಿಸಿದಳು. ರಬ್ಬರಿನ ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಬಾಟಲಿಯನ್ನು ಬಿಳಿಯ ಶೋಕದ ನಿಲುವಂಗಿಯ ಒಳಗೆ ತೂರಿಸಿ ಹೊಟ್ಟೆಗೆ ಅವುಚಿಕೊಂಡಳು. ಆಸ್ಪತ್ರೆಯ ಸಲೈನ್ ಬಾಟಲಿ ಅದು. ಚಳಿಗಾಲವಿಡೀ ಇಂಥವುಗಳಿಂದಲೇ ಅತ್ತೆಯ ಕೈಗೆ ಔಷಧ ಹನಿ ಹನಿಯಾಗಿ ಇಳಿದಿತ್ತು. ಖಾಲಿಯಾದ ಒಂದನ್ನೂ ಎಸೆಯಲು ಅತ್ತೆ ಬಿಟ್ಟಿರಲಿಲ್ಲ.

"ಮತ್ತೆ ಬಂದ್ಯಾ?" ಎಂದಳು ಹಂಡೆಯ ಆಚೆ ಬದಿಯಿಂದ ಫೆಂಗ್ ಚಿಕ್ಕಮ್ಮ. ಪಕ್ಕದ ಮನೆಯವಳು, ಇವತ್ತು ಅಂಗಳದ ಅಡುಗೆ ಅವಳದು. "ಕೋಸು ಬೇಯ್ಸೋಕೆ ಅಂತ ಇಟ್ಟಿರೋ ನೀರನ್ನೆಲ್ಲಾ ನೀನೇ ಹೊತ್ಕೊಂಡು ಹೋಗ್ತಿದ್ದೀಯ. ಹೆಣ ಹೊರೋರಿಗೆ ಹಸಿ ಕೋಸು ಬಡಿಸ್ಲಾ?"

"ಇದೊಂದೇ ಒಂದು, ಚಿಕ್ಕಮ್ಮ."

"ಆಗ್ಲೂ ಇದೊಂದೇ ಅಂದಿದ್ದೆ. ಹೋಗು, ಬೇಗ ಹೋಗು. ನಿನ್ ಗಂಡನ ಅಕ್ಕ ಬಾಗ್ಲಿಂದಾನೇ ಕಣ್ಣಿಟ್ಟಿದಾಳೆ."

ಅಂಗಳದಲ್ಲಿ ವಾಲಗದವರು ಬೆರಳು ಬೆಚ್ಚಗೆ ಮಾಡಿಕೊಳ್ಳಲು ನಿಲ್ಲಿಸಿದ್ದರು. ಗೋಡೆಗೆ ಒರಗಿಸಿಟ್ಟ ಕಾಗದದ ಹಸುವಿನ ಕಿವಿಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಮಾರ್ಚ್ ಮುಗಿಯುತ್ತ ಬಂದಿದ್ದರೂ ಬೇಲಿಯ ನೆರಳಲ್ಲಿ ಹಿಮ ಕರಗಿರಲಿಲ್ಲ. ಸೊಂಗ್‌ಹ್ವಾ ನದಿಯ ಮೇಲಿಂದ ಬರುವ ಗಾಳಿ ನೇರವಾಗಿ ಮನೆಯೊಳಕ್ಕೇ ನುಗ್ಗುತ್ತಿತ್ತು. ಶವ ಗೇಟು ದಾಟುವ ತನಕ ಬಾಗಿಲು ಮುಚ್ಚುವಂತಿಲ್ಲ. ಒಲೆ ಹೊತ್ತಿಸುವಂತೆಯೂ ಇಲ್ಲ. ಹೊತ್ತಿಸಬೇಕೆಂದರೂ ಹೇಗೆ? ನಡುಮನೆಯಲ್ಲಿ, ಒಲೆಯ ಬಾಯಿಗೆ ಅಡ್ಡಲಾಗಿ, ಶವಪೆಟ್ಟಿಗೆಯನ್ನು ಇರಿಸಿದ್ದರು.

ಅದರ ಪಕ್ಕದಲ್ಲಿ ಮಂಡಿಯೂರಿದ್ದ ಶೂಜೆನ್ ಮಣ್ಣಿನ ಬೋಗುಣಿಯೊಳಗೆ ಕಾಗದ ಉರಿಸುತ್ತಿದ್ದಳು. ಅತ್ತೆಯ ಹಿರಿಯ ಮಗಳು. ಕಲ್ಲಿದ್ದಲ ಗಣಿಯ ಪಟ್ಟಣದಿಂದ ನಿನ್ನೆಯಷ್ಟೇ ಬಂದಿದ್ದಳು. ಲಿಹ್ವಾ ತಲೆತಗ್ಗಿಸಿ ಅವಳನ್ನು ದಾಟಿ, ಪರದೆ ಸರಿಸಿ, ಒಳಕೋಣೆಗೆ ಹೋದಳು. ಬೆನ್ನ ಹಿಂದೆ ಹೆಂಗಸರ ಮಾತು ಕೇಳಿಸಿತು.

"ಅತ್ತೆ ಹೋಗಿ ಮೂರನೇ ದಿನ, ಕಣ್ಣಲ್ಲಿ ಒಂದ್ ಹನಿ ನೋಡಿದ್ರಾ?"

"ದಕ್ಷಿಣದೋರು ಕಣಮ್ಮ. ಅವ್ರ ಕಡೆ ಮಳೆ ಜಾಸ್ತಿ, ಕಣ್ಣಿಗೆ ನೀರು ಉಳ್ಯಲ್ಲ."

ಒಳಕೋಣೆಯ ಅರ್ಧ ಭಾಗ ಕಾಂಗ್. ನಡುಮನೆಯ ಒಲೆಯ ಹೊಗೆ ಹೊಟ್ಟೆಯೊಳಗೆ ಹರಿದುಹೋಗುವ ಇಟ್ಟಿಗೆಯ ಜಗಲಿ. ಮಲಗುವುದು, ಉಣ್ಣುವುದು, ಹೊಲಿಯುವುದು ಎಲ್ಲ ಅದರ ಮೇಲೆಯೇ. ಲಿಹ್ವಾ ಅಂಗೈ ಊರಿದಳು. ಇಟ್ಟಿಗೆ ಕೆರೆಯ ಕಲ್ಲಿನಂತಿತ್ತು. ಗೋಡೆಬದಿಯ ಮದುವೆಪೆಟ್ಟಿಗೆಯಲ್ಲಿ ಹೊರಗೆಳೆಯುವ ಖಾನೆಯೊಂದು ಇರಲಿಲ್ಲ. ಹಲ್ಲು ಬಿದ್ದ ಬಾಯಿಯಂತೆ ಆ ಜಾಗ ಕಪ್ಪಗಿತ್ತು. ಆ ಖಾನೆ ಕಾಂಗಿನ ಮೇಲೆ, ಸುತ್ತಿಟ್ಟ ರಜಾಯಿಗಳ ನಡುವೆ, ಅತ್ತೆಯ ನೀಲಿ ಹತ್ತಿಯಂಗಿಯಲ್ಲಿ ಅಡಗಿತ್ತು.

ಅಂಗಿಯ ಅಂಚು ಎತ್ತಿದಳು. ಕಪ್ಪು ಮಣ್ಣಿನ ಮೇಲೆ ಮೆಣಸಿನ ಮೊಳಕೆಗಳು. ಕೆಲವು ಇನ್ನೂ ಕೊಕ್ಕೆಯಂತೆ ಬಾಗಿದ್ದವು. ಕೆಲವು ನೆಟ್ಟಗಾಗಿ ಎರಡು ಎಲೆ ಬಿಡಿಸಿದ್ದವು. ಇನ್ನು ಕೆಲವು ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಟೋಪಿಯಂತೆ ಹೊತ್ತು ನಿಂತಿದ್ದವು. ತಣ್ಣಗಾದ ಬಾಟಲಿ ಹೊರಗೆಳೆದು ಬಿಸಿಯದನ್ನು ಖಾನೆಯ ಪಕ್ಕಕ್ಕೆ ಒತ್ತಿಟ್ಟಳು. ಕಿಟಕಿಯ ಬದಿಯ ಮೂಲೆಗೆ ಮುಟ್ಟಿಸಲು ಇನ್ನೊಂದು ಬೇಕು. ಇದು ಆರುವುದಕ್ಕೆ ಮುಂಚೆ ಮತ್ತೆ ಹಂಡೆಯ ಹತ್ತಿರ ಹೋಗಬೇಕು. ಮತ್ತೆ ಶೂಜೆನ್ ಅಕ್ಕನ ಮುಂದೆ ಹಾದು ಬರಬೇಕು.

❖

ಫೆಬ್ರವರಿಯಲ್ಲಿ ಒಂದು ದಿನ ಅತ್ತೆ ಆ ಖಾನೆಯನ್ನು ಪೆಟ್ಟಿಗೆಯಿಂದ ಎಳೆದು ಸೊಸೆಯ ತೊಡೆಯ ಮೇಲಿಟ್ಟಿದ್ದಳು. "ಈ ವರ್ಷ ನೀನು ಹಾಕು. ನಾನು ಮಲ್ಗಿದ್ದಲ್ಲಿಂದ ಬೈತೀನಿ."

ಲಿಹ್ವಾ ಹುಟ್ಟಿದ್ದು ಫುಜಿಯಾನಿನ ಕಡಲ ಕರೆಯಲ್ಲಿ. ಬೂಟಿನ ಕಾರ್ಖಾನೆಯಲ್ಲಿ ದೆಶೆಂಗ್‌ನ ಪರಿಚಯವಾಗಿ ಮದುವೆಯಾದವಳು. ಅವನ ತಾಯಿಗೆ ಪುಪ್ಪುಸದ ಕಾಯಿಲೆ ಜೋರಾಯಿತೆಂದು ಕಳೆದ ಶರತ್ಕಾಲದಲ್ಲಿ ಇಬ್ಬರೂ ಈ ಹಳ್ಳಿಗೆ ಬಂದಿದ್ದರು.

"ನಮ್ ಕಡೆ ಪರಂಗಿಹಣ್ಣು ತಿಂದು ಬೀಜ ಉಗಿದ್ರೆ ಸಾಕಮ್ಮ, ಗಿಡ ಆಗತ್ತೆ," ಎಂದಿದ್ದಳು.

"ಇಲ್ಲಿ ಉಗಿದ್ರೆ ಉಗುಳೇ ಹೆಪ್ಪುಗಟ್ಟತ್ತೆ. ನಮ್ಮೂರಿಗೆ ಬೇಸಿಗೆ ಅನ್ನೋದು ಅವಸರದ ನೆಂಟ ಕಣೇ ಹುಡುಗಿ. ಚಾಪೆ ಹಾಸೋಷ್ಟ್ರಲ್ಲಿ ಎದ್ದು ಹೊರಟಿರ್ತಾನೆ. ಅವನು ಬರೋಕ್ಕೆ ಮುಂಚೆ ಒಳಗೆ ಗಿಡ ತಯಾರಿರ್ಬೇಕು. ಮಣ್ಣು ತಗೊಂಡ್ಬಾ ಹೋಗು."

ಲಿಹ್ವಾ ಗುದ್ದಲಿ ಹಿಡಿದು ಹಿತ್ತಲಿಗೆ ಹೋದಳು. ಗುದ್ದಲಿ ನೆಲಕ್ಕೆ ಬಡಿದು ಠಣ್ಣೆಂದು ಹಿಂದಕ್ಕೆ ಹಾರಿತು, ಮೊಣಕೈಯವರೆಗೆ ಜುಮ್ಮೆಂದಿತು. ಒಳಗಿನಿಂದ ಅತ್ತೆ ನಗುವುದು, ನಗುತ್ತ ಕೆಮ್ಮುವುದು ಕೇಳಿಸಿತು. ಮಣ್ಣನ್ನು ನೆಲ ಗಟ್ಟಿಯಾಗುವ ಮುಂಚೆಯೇ ಜರಡಿ ಹಿಡಿದು, ಕುದುರೆ ಲದ್ದಿಯ ಗೊಬ್ಬರ ಬೆರೆಸಿ, ನೆಲಮಾಳಿಗೆಯಲ್ಲಿ ಮೂಟೆ ಕಟ್ಟಿಡಲಾಗಿತ್ತು.

ಬೀಜ ಕುರಿಕೊಂಬಿನ ಮೆಣಸಿನದು. ಟಗರಿನ ಕೊಂಬಿನಂತೆ ತಿರುಚಿಕೊಳ್ಳುವ, ತೆಳು ಸಿಪ್ಪೆಯ ಹಸಿಮೆಣಸು. ಹುದುಗಿಸಿದ ಸೋಯಾ ಗೊಜ್ಜಿಗೆ ಅದ್ದಿ ತಿಂದರೆ ಬೇರೆ ಪಲ್ಯ ಬೇಡ. ಅತ್ತೆಯ ಅಜ್ಜಿ ಶಾನ್‌ದೊಂಗಿನಿಂದ ನಡೆದು ಬಂದಾಗ ಲಂಗದ ಅಂಚಿನಲ್ಲಿ ಹೊಲಿದುಕೊಂಡು ತಂದದ್ದಂತೆ. ಹಳ್ಳಿಯ ಎಲ್ಲ ಹಿತ್ತಲಿನಲ್ಲೂ ಅದೇ ಮೆಣಸು. ಆದರೆ ಬೀಜ ಇದ್ದದ್ದು ಈ ಒಂದು ಮನೆಯಲ್ಲಿ. ಪ್ರತಿ ವರ್ಷ ಹೇಗೂ ಅತ್ತೆಯ, ಊರವರ ಬಾಯಲ್ಲಿ ಮೆಂಗಕ್ಕನ, ಕೈಯಿಂದ ಸಸಿಯೇ ಸಿಗುವಾಗ ಬೀಜ ಎತ್ತಿಡುವ ಉಸಾಬರಿ ಯಾರಿಗೆ ಬೇಕು?

ಲಿಹ್ವಾ ಖಾನೆಯನ್ನು ಕಾಂಗಿನ ತಲೆಭಾಗದಲ್ಲಿಟ್ಟಳು. ಒಲೆಗೆ ಅಂಟಿಕೊಂಡ, ಎಲ್ಲಕ್ಕಿಂತ ಬಿಸಿಯಾದ ತುದಿ ಅದು. ಹೊಗೆಗೂಡಿನ ಕಡೆಯ ಇನ್ನೊಂದು ತುದಿಗೆ ಬಾಲವೆಂದು ಹೆಸರು. ಅಲ್ಲಿಗೆ ತಲುಪುವಷ್ಟರಲ್ಲಿ ಹೊಗೆ ತಣ್ಣಗಾಗಿರುತ್ತದೆ. ಬೀಜಕ್ಕೆ ಜಾಗವಾಗಲೆಂದು ಅತ್ತೆ ತನ್ನ ದಿಂಬನ್ನು ಬಾಲಕ್ಕೆ ಎಸೆದಳು. ದಿನ ಕಳೆದವು, ಮಣ್ಣು ಅಲುಗಲಿಲ್ಲ. ಲಿಹ್ವಾಗೆ ತಡೆಯಲಾಗಲಿಲ್ಲ. ನೀರು ಕಡಿಮೆಯಾಯಿತೇನೋ ಎಂದು ನೀರು ಹಾಕಿದಳು. ಬಿಸಿ ಸಾಲದೇನೋ ಎಂದು ಒಲೆಗೆ ಜೋಳದ ದಿಂಡು ತುಂಬಿದಳು. ಕೊನೆಗೆ ಅತ್ತೆ ಎದ್ದು ಕೂತು, ಕೂದಲಿನ ಪಿನ್ನಿನಿಂದ ಒಂದು ಬೀಜ ಕೆದಕಿ ತೆಗೆದು ಉಗುರುಗಳ ನಡುವೆ ಹಿಚುಕಿದಳು. ಬಿಳಿಯ ತಿಳಿ ಜಾರಿತು.

"ಮೆಣಸಿನ ಗಂಜಿ ಮಾಡಿದ್ದೀಯಲ್ಲೇ!" ಎಂದು ನಕ್ಕಳು. "ಉಪ್ಪೊಂದು ಹಾಕಿದ್ರೆ ಊಟಕ್ಕಾಗ್ತಿತ್ತು."

ಲಿಹ್ವಾಗೆ ಅಳುವೇ ಬಂದುಬಿಟ್ಟಿತು. ಅತ್ತೆ ಅಂಗಿಯ ಒಳಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. "ಎಲ್ಲಾ ಬೀಜಾನೂ ಒಂದೇ ಸಲಕ್ಕೆ ಹಾಕೋಳು ಹುಚ್ಚಿ. ಮೇಲಿರೋನ್ನ ನಂಬ್ಬೋದು, ಮಾರ್ಚ್ ತಿಂಗಳನ್ನ ನಂಬೋ ಹಾಗಿಲ್ಲ. ಇದಿಷ್ಟೇ ಇನ್ನು. ಇದೂ ಗಂಜಿಯಾದ್ರೆ ಊರಿಗೆಲ್ಲಾ ನೀನೇ ಹೋಗಿ ಹೇಳ್ಬೇಕು ನೋಡು."

❖

"ಹೋದೋರು ಹೋದ್ರು, ನೀನು ಗಟ್ಟಿಯಾಗಿರ್ಬೇಕಮ್ಮ," ಎಂದು ಮುದುಕನೊಬ್ಬ ಲಿಹ್ವಾಳ ಎರಡೂ ಕೈ ಹಿಡಿದುಕೊಂಡ. ಹಂಡೆಯ ಕಡೆ ಹೊರಟಿದ್ದವಳು ಸಿಕ್ಕಿಬಿದ್ದಳು. "ನಿಮ್ಮತ್ತೆಯಂಥೋಳು ಇನ್ನು ಹುಟ್ಟಲ್ಲ... ಅಲ್ಲಾ, ಈ ವರ್ಷ ಮೆಣಸಿನ ಸಸಿ ಏನಾದ್ರೂ..."

"ಹಾಕಿದ್ದೀನಿ, ಅಜ್ಜ."

"ಹಾಕಿದ್ದೀಯಾ! ಸಮಾಧಾನ ಆಯ್ತು. ನಮ್ಮನೆಗೆ ಎರಡು ಸಾಲಿಗಾಗೋಷ್ಟು, ನೆನಪಿರ್ಲಿ."

ಇವನೇ ನಾಲ್ಕನೆಯವನೋ ಐದನೆಯವನೋ. ನಿನ್ನೆಯೆಲ್ಲ ಅವಳು ಬೇಲಿಯ ಆಚೆ ನಿಂತವರನ್ನೆಲ್ಲ ಕೇಳಿದ್ದಳು: ಯಾರ ಹತ್ತಿರವಾದರೂ ಹಳೆಯ ಬೀಜ ನಾಲ್ಕು ಕಾಳು ಇದೆಯೇ? ಒಬ್ಬರ ಹತ್ತಿರವೂ ಇರಲಿಲ್ಲ. ಹಾಗಾದರೆ ಖಾನೆಯನ್ನೊಂದು ದಿನ ನಿಮ್ಮ ಕಾಂಗಿನ ಮೇಲೆ ಇಡಬಹುದೇ? ಆಗ ಎಲ್ಲರ ಮುಖವೂ ಬಾಗಿಲಿನಂತೆ ಮುಚ್ಚಿಕೊಂಡಿತು. ಸೂತಕದ ಮನೆಯ ಸಾಮಾನು ಶವ ಹೋಗುವ ಮುಂಚೆ ಇನ್ನೊಂದು ಮನೆಯ ಹೊಸಿಲು ದಾಟಬಾರದು. ಬಿಳಿ ಬಟ್ಟೆ ಉಟ್ಟವಳೂ ದಾಟಬಾರದು. ಫೆಂಗ್ ಚಿಕ್ಕಮ್ಮ ಬೇಲಿಯ ಮೇಲಿಂದ ಖಾನೆಯನ್ನು ನೋಡಿದ್ದಳು, ಕೈ ಚಾಚಿದ್ದಳು, ಮತ್ತೆ ಎಳೆದುಕೊಂಡಿದ್ದಳು. "ಆಗಲ್ಲ ಕಣಮ್ಮ. ಮನೇಲಿ ಎಳೇ ಮೊಮ್ಮಗು ಇದೆ. ಬೈಕೋಬೇಡ."

ವಾಲಗ ಮತ್ತೆ ಶುರುವಾಯಿತು. ಕ್ರಿಯೆ ನಡೆಸುವ ಲುವೊ ಮೇಷ್ಟ್ರು ತುಪ್ಪಳದ ಟೋಪಿಯ ಕಿವಿ ಮೇಲೆತ್ತಿಕೊಂಡು ಅಂಗಳದ ನಡುವೆ ನಿಂತು ಕೂಗಿದರು. "ಹೊತ್ತಾಯ್ತು! ಹಸುವಿನ ಜೊತೆ ಸುಡೋ ಬಟ್ಟೆ ಎಲ್ಲಿ? ದಿನಾ ಹಾಕ್ತಿದ್ದ ಅಂಗಿ ಬೇಕು, ಪೆಟ್ಗೆಯೊಳಗಿನ ಹೊಸಾದಲ್ಲ. ಅಲ್ಲಿ ಹೋಗಿ ಚಳಿಗೆ ನಡುಗ್ಬೇಕಾ ಪಾಪ?"

"ನೀಲಿ ಅಂಗಿ," ಎಂದಳು ಶೂಜೆನ್ ಬಾಗಿಲಿನಿಂದ. "ನಾನೇ ಹೊಲ್ದಿದ್ದು. ತರ್ತೀನಿ."

ಲಿಹ್ವಾ ಹಂಡೆಯ ಮುಂದೆ ನಿಂತಲ್ಲೇ ನಿಂತಳು. ಸೌಟಿನ ನೀರು ಬಾಟಲಿಯ ಹೊರಗೆ ಹರಿದು ಅವಳ ಬೆರಳು ಸುಟ್ಟಿತು. ಬಾಟಲಿಯನ್ನು ಬಿಟ್ಟು ಒಳಕ್ಕೆ ಓಡಿದಳು.

❖

ಎರಡನೆಯ ಸಲ ಖಾನೆ ತಲೆಭಾಗಕ್ಕೆ ಬಂದಾಗ ಲಿಹ್ವಾ ಜಗಳವಾಡಿದ್ದಳು. ಅತ್ತೆಯ ಕೆಮ್ಮು ಆಗ ಎದೆಯ ತಳದಿಂದ ಬರುತ್ತಿತ್ತು.

"ಬೇಡಮ್ಮ. ನೀವು ಬಿಸೀಲಿ ಮಲಗಿ. ಬೀಜ ಆ ಕಡೆ ಇರ್ಲಿ."

"ಆ ಕಡೆ ಇದ್ರೆ ಮೊಳ್ಯಲ್ಲ. ನಾನಿಲ್ಲಿ ಮಲ್ಗಿದ್ರೆ ಮೊಳೀತೀನಾ?" ಅತ್ತೆ ಆಗಲೇ ದಿಂಬು ಹೊತ್ತು ಮಂಡಿಯಲ್ಲಿ ತೆವಳುತ್ತ ಬಾಲದ ಕಡೆ ಹೊರಟಿದ್ದಳು. "ಮೊಳಕೆ ಬರೋವರೆಗೆ ಅಷ್ಟೇ ಕಣೇ. ಬಂದ ಮೇಲೆ ಅವಕ್ಕೆ ತಂಪು ಬೇಕು. ಬಿಸೀಲೇ ಇಟ್ರೆ ಕತ್ತು ಉದ್ದ ಮಾಡ್ಕೊಂಡು ಬೀಳ್ತವೆ. ಆಗ ಅದಲು ಬದಲು. ಅವು ಈ ತುದಿಗೆ, ನಾನು ಆ ತುದಿಗೆ. ಸರಿನಾ?"

ಈ ಸಲ ಅವಳು ಸೊಸೆಯ ಕೈ ಹಿಡಿದು ಖಾನೆಯ ಅಡಿಗೆ ತೂರಿಸಿದಳು. ಅಂಗೈಯಲ್ಲ, ಮಣಿಕಟ್ಟಿನ ಒಳಭಾಗ. ಕೂಸಿಗೆ ನೀರು ಹಾಕುವಾಗ ನೋಡುವ ಹಾಗೆ. ಅಲ್ಲಿ ಹಿತವೆನಿಸಿದರೆ ಬೀಜಕ್ಕೂ ಹಿತ. ಟೋಪಿ ಹೊತ್ತು ಬರುವ ಮೊಳಕೆಯನ್ನು ಎಳೆಯಬಾರದೆಂದೂ ಹೇಳಿಕೊಟ್ಟಳು. ಎಳೆದರೆ ಎಲೆಯೂ ಕಿತ್ತು ಬರುತ್ತದೆ. ಬೆರಳಿಗೆ ಎಂಜಲು ಮಾಡಿ ಒದ್ದೆ ಮಾಡು, ಕಾಯಿ, ತಾನೇ ಕಳಚುತ್ತದೆ.

ಮಣ್ಣು ಬಿರಿದ ದಿನ ಲಿಹ್ವಾ ಖಾನೆಯ ಮೇಲೆ ಬಗ್ಗಿಯೇ ಕೂಗಿದಳು. "ಬಂದ್ವು ಅಮ್ಮಾ! ಬಂದ್ವು!"

ಅತ್ತೆ ದಿಂಬಿನಿಂದ ಕತ್ತೆತ್ತಿ ನೋಡಿದಳು. "ಕೊಕ್ಕೆ ಬಂದಿದೆ. ಇನ್ನೂ ನಿಂತಿಲ್ಲ. ನಾಳೆ ಬದಲಾಯಿಸೋಣ."

ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವಳ ಉಸಿರು ನಿಂತಿತು. ದಿಂಬು ಬಾಲದಲ್ಲೇ ಇತ್ತು.

❖

ಶೂಜೆನ್ ರಜಾಯಿಗಳನ್ನು ಬದಿಗೆ ಎಸೆದು ನೀಲಿ ಅಂಗಿಯ ಕೊರಳು ಹಿಡಿದು ಎಳೆಯುತ್ತಿದ್ದಳು. ಬಾಟಲಿಯೊಂದು ಉರುಳಿ ಇಟ್ಟಿಗೆಗೆ ಬಡಿಯಿತು.

"ಅಕ್ಕಾ, ನಿಧಾನ!" ಲಿಹ್ವಾ ಖಾನೆಯ ಮೇಲೆ ಎರಡೂ ಕೈ ಹರಡಿದಳು.

ಶೂಜೆನ್ ಖಾನೆಯನ್ನು ನೋಡಿದಳು, ಬಾಟಲಿಗಳನ್ನು ನೋಡಿದಳು, ಪೆಟ್ಟಿಗೆಯ ಖಾಲಿ ಬಾಯಿಯನ್ನು ನೋಡಿದಳು. "ಇದಾ? ಬೆಳಗಿಂದ ಹೊಟ್ಟೇಲಿ ಬಚ್ಚಿಟ್ಕೊಂಡು ಒಳಗೂ ಹೊರಗೂ ಓಡಾಡಿದ್ದು ಇದಕ್ಕಾ? ನಾನು ಅಮ್ಮನ ಬಳೆನೋ ಏನೋ ಸಾಗಿಸ್ತಿದಾಳೆ ಅಂತ..." ಅವಳ ದನಿ ಏರಿತು. "ಅಲ್ಲಿ ಅಮ್ಮ ಪೆಟ್ಗೇಲಿ ಮಲಗಿದಾಳೆ, ನೀನಿಲ್ಲಿ ಮೆಣಸಿನಕಾಯಿಗೆ ಶಾಖ ಕೊಡ್ತಿದ್ದೀಯಾ?"

"ಬೇರೆ ಬೀಜ ಇಲ್ಲ ಅಕ್ಕ. ಯಾರ ಹತ್ರಾನೂ ಇಲ್ಲ. ಇವು ಹೋದ್ರೆ ಮುಗೀತು."

"ಹಂಗಾದ್ರೆ ಊರೋರು ಹೇಳ್ತಿರೋದು ನಿಜ. ಅಮ್ಮನ ದಿಂಬು ಆ ತುದೀಲಿತ್ತು. ಉಸಿರಾಡೋಕಾಗ್ದಿರೋ ಮುದುಕಿನ ತಣ್ಣನೆ ಕಡೆ ಮಲಗ್ಸಿ, ಬಿಸಿ ಜಾಗದಲ್ಲಿ ಮಣ್ಣಿಟ್ಟಿದ್ದೆ. ಹೌದಾ ಅಲ್ವಾ? ಹೇಳು."

"ಹೌದು."

ಶೂಜೆನ್ ಈ ಉತ್ತರಕ್ಕೆ ತಯಾರಿರಲಿಲ್ಲ. "ಅಮ್ಮನೇ ಹಾಗೆ ಮಾಡು ಅಂದ್ಲು ಅಂತ ಹೇಳಲ್ವಾ?"

"ಅಂದ್ರು. ಆದ್ರೆ ಮೊದಲ್ನೇ ಸಲ ಹಾಕಿದ್ದನ್ನ ನಾನು ಬೇಯ್ಸಿಬಿಟ್ಟೆ ಅಕ್ಕ. ಅದು ಸರಿಯಾಗಿ ಬಂದಿದ್ರೆ ಅವ್ರು ಆಗ್ಲೇ ವಾಪಸ್ ಈ ಕಡೆ ಬಂದಿರ್ತಿದ್ರು. ಈ ಚಳೀಲಿ ಅಲ್ಲಿ ಮಲಗೋ ಹಾಗೇ ಇರ್ಲಿಲ್ಲ." ಹೇಳುತ್ತಲೇ ಅವಳ ಕೈ ಉರುಳಿದ ಬಾಟಲಿಯನ್ನು ಖಾನೆಗೆ ಒತ್ತಿ ಇಡುತ್ತಿತ್ತು. "ನೀವು ಬೈದ್ರೂ ಸರಿ. ಅಂಗಿ ಮಾತ್ರ ಈಗ ತೆಗೀಬೇಡಿ. ಹೊರಗಿನ ಗಾಳಿ ಸೋಕಿದ್ರೆ ಇವು ನಿಲ್ಲಲ್ಲ."

ಹೊರಗೆ ವಾಲಗ ಜೋರಾಯಿತು. ಶೂಜೆನ್ ಕಾಂಗಿನ ಅಂಚಿನಲ್ಲಿ, ಬಾಲದ ಕಡೆ ಕೂತಳು. ತಣ್ಣನೆಯ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ಆಚೀಚೆ ಸವರಿದಳು.

"ಇದು ನನ್ ಜಾಗ," ಎಂದಳು. "ಪ್ರತಿ ವರ್ಷ ಈ ತಿಂಗಳು ನಾನೂ ದೆಶೆಂಗೂ ಇಲ್ಲೇ. ಒಂದ್ ಸಲ ನಂಗೆ ವಾರಗಟ್ಲೆ ಕೆಮ್ಮು. ಅಪ್ಪ ಸಿಟ್ಟಾಗಿ ಖಾನೆ ಎತ್ತಿ ಅಂಗಳಕ್ಕಿಡ್ತೀನಿ ಅಂದ. ಹಾಗಾದ್ರೆ ನನ್ನೂ ಅಂಗಳಕ್ಕಿಡು ಅಂದ್ಲು ಅಮ್ಮ. ಮಕ್ಕಳಾದ್ರೆ ಕಾಲು ಮುದುರ್ಕೊಂಡು ಮಲಗ್ತವೆ, ಬೀಜಕ್ಕೆ ಕಾಲೆಲ್ಲಿದೆ ಅಂತ ಕೇಳಿದ್ಲು." ಮೂಗು ಒರೆಸಿಕೊಂಡಳು. "ಈ ಖಾನೆ ಕಂಡ್ರೆ ನಂಗೆ ಆಗ್ತಾನೇ ಇರ್ಲಿಲ್ಲ. ಗಣಿ ಊರಿಗೆ ಮದುವೆ ಮಾಡ್ಕೊಂಡು ಹೋದಾಗ ಒಂದೇ ಖುಷಿ, ಇನ್ನು ಮಾರ್ಚಲ್ಲಿ ಬೆಚ್ಚಗೆ ಮಲಗ್ಬೋದು ಅಂತ."

"ಅಂಗಿ ಬಂತಾ?" ಲುವೊ ಮೇಷ್ಟ್ರ ಕೂಗು ಪರದೆಯವರೆಗೆ ಬಂತು. "ಹೊರೋರು ಹೆಗಲು ಕೊಟ್ಟಾಯ್ತು!"

ಲಿಹ್ವಾ ಅಂಗಿಯ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಶೂಜೆನ್ ಅದನ್ನು ಕಿತ್ತುಕೊಳ್ಳಲೂ ಇಲ್ಲ. ಅವಳು ಬಗ್ಗಿ, ಹೊದಿಕೆ ಕದಲದಂತೆ, ಹೊರಗೆ ಚಾಚಿಕೊಂಡಿದ್ದ ಎಡತೋಳನ್ನಷ್ಟೇ ಹಿಡಿದಳು. ಭುಜದ ಹತ್ತಿರ ಬೆರಳಾಡಿಸಿ ಗಂಟು ಹುಡುಕಿದಳು, ಹಲ್ಲಿನಿಂದ ಕಚ್ಚಿ ದಾರ ಕಡಿದಳು. ತಾನೇ ಹಾಕಿದ ಹೊಲಿಗೆ. ಎಲ್ಲಿಂದ ಬಿಚ್ಚಬೇಕೆಂದು ಅವಳಿಗೆ ಗೊತ್ತಿತ್ತು. ಪರ್ರನೆ ತೋಳು ಬಿಟ್ಟಿತು. ಬಿಳಿಯ ಹತ್ತಿ ಹೊರಗೆ ಇಣುಕಿತು.

"ಅಮ್ಮನಿಗೆ ಇಷ್ಟು ಸಾಕು," ಎಂದಳು. "ಆ ಮೂಲೇಲಿ ಬಾಟ್ಲಿ ಇಲ್ವಲ್ಲೇ. ಇನ್ನೊಂದ್ ತಗೊಂಡ್ಬಾ, ಓಡು."

❖

ಇನ್ನೊಂದು ಬಾಟಲಿ ತರಲು ಹೊತ್ತಿರಲಿಲ್ಲ. ದೆಶೆಂಗ್ ಪದ್ಧತಿಯಂತೆ, ಕಾಗದ ಉರಿಸಿದ ಮಣ್ಣಿನ ಬೋಗುಣಿಯನ್ನು ತಲೆಯ ಮೇಲೆತ್ತಿ ಇಟ್ಟಿಗೆಗೆ ಅಪ್ಪಳಿಸಿದ. ಅದು ಚೂರಾಗುತ್ತಲೇ ಪೆಟ್ಟಿಗೆ ಮೇಲೆದ್ದಿತು. ಲಿಹ್ವಾ ಸಾಲಿನಲ್ಲಿ ಸೇರಲೇಬೇಕಾಯಿತು. ಗೇಟು ದಾಟುವಾಗ ಅವಳು ಹಂಡೆಯ ಕಡೆ ನೋಡಿದಳು. ಫೆಂಗ್ ಚಿ​ಕ್ಕಮ್ಮ ಬೆನ್ನು ತಿರುಗಿಸಿ ಕೋಸು ಕಲಕುತ್ತಿದ್ದಳು.

ಸ್ಮಶಾನ ಹೊಲಗಳಾಚೆಯ ದಿಬ್ಬದ ಮೇಲೆ. ಲಿಹ್ವಾ ನಡೆಯುತ್ತ ಮತ್ತೆ ಮತ್ತೆ ತಿರುಗಿ ನೋಡಿದಳು. ಎಲ್ಲ ಮನೆಗಳ ಹೊಗೆಗೂಡಿನಿಂದಲೂ ಹೊಗೆ ಏಳುತ್ತಿತ್ತು. ಅವರ ಮನೆಯದು ಬರಿದಾಗಿತ್ತು. ಬಾಟಲಿಗಳು ಈಗ ಉಗುರುಬೆಚ್ಚಗಿರಬಹುದು. ಕಿಟಕಿ ಬದಿಯ ಮೂಲೆ ಆಗಲೇ ತಣ್ಣಗಾಗಿರಬೇಕು.

"ಏನು ನೋಡ್ತೀಯ?" ಎಂದ ದೆಶೆಂಗ್, ಅತ್ತು ಊದಿದ ಕಣ್ಣುಗಳಿಂದ.

"ಏನಿಲ್ಲ."

ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಗುಂಡಿ ತೋಡುವವರು ಮೊದಲು ಅಲ್ಲಿ ಜೋಳದ ದಂಟು ಒಟ್ಟಿ ಉರಿಸಿದ್ದರು. ಮಸಿಹಿಡಿದ ಮಣ್ಣು ಅಂಚಿನಲ್ಲಿ ಇನ್ನೂ ಸಣ್ಣಗೆ ಆವಿಯಾಡುತ್ತಿತ್ತು. ಪೆಟ್ಟಿಗೆ ಇಳಿಯಿತು. ಮೇಲಿನ ಪದರ ಮೆತ್ತಗೆ ಬಿತ್ತು, ಆಳದ ಹೆಂಟೆಗಳು ಕಲ್ಲಿನಂತೆ ಸದ್ದು ಮಾಡಿದವು.

ಕಾಗದದ ಹಸುವನ್ನು ತಂದು ನಿಲ್ಲಿಸಿದರು. ಹೆಣ್ಣು ಜನ್ಮದಲ್ಲಿ ತೊಳೆದು ಬಳಿದು ಚೆಲ್ಲಿದ ನೀರನ್ನೆಲ್ಲ ಸತ್ತ ಮೇಲೆ ತಾನೇ ಕುಡಿಯಬೇಕಂತೆ. ಅವಳ ಬದಲು ಕುಡಿಯಲು ಹಸು.

"ಚೆಲ್ಲಿದ ನೀರೆಲ್ಲಾ ನೀನೇ ಕುಡಿ, ನಿನ್ನೊಡತಿಗೆ ಕಷ್ಟ ಕೊಡ್ಬೇಡ," ಎಂದು ಲುವೊ ಮೇಷ್ಟ್ರು ಕಡ್ಡಿ ಗೀರಿದರು.

"ಮೆಂಗಕ್ಕ ಎಲ್ಲಿ ನೀರು ಚೆಲ್ಲಿದ್ಲು?" ಎಂದಿತು ಹಿಂದಿನಿಂದ ಒಂದು ದನಿ. "ಅಕ್ಕಿ ತೊಳೆದ ನೀರಲ್ಲಿ ಮುಖ, ಮುಖ ತೊಳೆದ ನೀರಲ್ಲಿ ಕಾಲು, ಕಾಲು ತೊಳೆದದ್ದು ಗಿಡಕ್ಕೆ."

"ಬಾಯಾರಿ ಸಾಯತ್ತೆ ಬಿಡು ಆ ಹಸು."

ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹಬ್ಬಿತು. ಅದರ ಹಿಂದೆಯೇ ಅಳು. ಶೂಜೆನ್ ಮುಂದೆ ಬಂದು ನೀಲಿ ತೋಳನ್ನು ಉರಿಗೆ ಹಾಕಿದಳು.

"ಒಂದೇ ತೋಳಾ?" ಮೇಷ್ಟ್ರು ಹುಬ್ಬೇರಿಸಿದರು. "ಮಿಕ್ಕಿದ್ದು?"

"ಅಮ್ಮ ಬೇರೆ ಯಾರಿಗೋ ಕೊಟ್ಬಿಟ್ಟಿದಾಳೆ."

"ಅವಳ ಬುದ್ಧೀನೇ ಅಷ್ಟು," ಎಂದ ಸಸಿ ಕೇಳಿದ್ದ ಮುದುಕ.

ದಿಬ್ಬ ಇಳಿಯುವಾಗ ಹಿಂದೆ ತಿರುಗಿ ನೋಡಬಾರದು, ಓಡಬಾರದು. ಹಿಂದೆ ನೋಡುವುದು ಲಿಹ್ವಾಗೆ ಬೇಕಿರಲಿಲ್ಲ. ಪಾಪ್ಲರ್ ಮರಗಳ ಸಾಲು ಮುಗಿಯುವ ತಿರುವಿನಲ್ಲಿ ಮನೆಯ ಸೂರು ಕಂಡಿತು. ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಅವಳ ಎದೆ ಹಗುರಾಯಿತು. ಮರುಕ್ಷಣವೇ ಕಣ್ಣು ಕಿರಿದು ಮಾಡಿ ನೋಡಿದಳು. ದಪ್ಪ ಹಳದಿ ಹೊಗೆ. ಬಾಯಿಬಿರಿಯೆ ಜೋಳದ ದಿಂಡು ತುಂಬಿದ ಒಲೆಯದು.

"ಗಂಜಿ," ಎಂದಳು.

"ಏನು?" ಎಂದ ದೆಶೆಂಗ್.

ಅವಳು ಆಗಲೇ ಓಡುತ್ತಿದ್ದಳು. ಬಿಳಿ ನಿಲುವಂಗಿಯನ್ನು ಮಂಡಿಯ ಮೇಲಕ್ಕೆತ್ತಿ, ಹೊಲದ ನಡುವಿನ ಸಾಲುಗಳನ್ನು ಅಡ್ಡಹಾಯುತ್ತ. ಹಿಂದೆ ಹೆಂಗಸರು ಬಾಯಿ ಬಿಟ್ಟರು. "ಅಯ್ಯೋ, ದೆವ್ವ ಹಿಂದೆ ಬರತ್ತೆ ಕಣೇ! ಯಾರಾದ್ರೂ ಹೇಳ್ರೇ ಅವ್ಳಿಗೆ!" ಗೇಟಿನ ಮುಂದೆ, ಬಂದವರು ದಾಟಿ ಒಳಗೆ ಹೋಗಲೆಂದು ಹುಲ್ಲಿನ ಬೆಂಕಿ ಹಾಕಿದ್ದರು. ಅದನ್ನವಳು ಒಂದೇ ನೆಗೆತಕ್ಕೆ ದಾಟಿದಳು.

ಒಲೆಯ ಮುಂದೆ ಫೆಂಗ್ ಚಿಕ್ಕಮ್ಮ, ಮುಖವೆಲ್ಲ ಮಸಿ. "ಹೆಣ ಗೇಟು ದಾಟಿದ್ದೇ ತಡ, ಕೋಸು ಬಿಟ್ಟು ಬಂದೆ. ಸುಡುಗಾಡು ಒಲೆ, ತಣ್ಣಗಾಗಿ ಹೋಗಿತ್ತು, ಎಷ್ಟೂದಿದ್ರೂ ಹೊಗೆ ವಾಪಸ್ಸೇ ಬರ್ತಿತ್ತು. ಈಗ ನೋಡು ಹ್ಯಾಗೆ ಹತ್ಕೊಂಡಿದೆ! ನಮ್ಮನೆಯೊಳಗೆ ತರೋಕಾಗ್ಲಿಲ್ಲ ನಿಜ. ನಿಮ್ಮನೆ ಒಲೆಗೆ ಯಾವನ ಅಪ್ಪಣೆ ಬೇಕು?"

"ದಿಂಡು ಎಳೀರಿ ಚಿಕ್ಕಮ್ಮ, ಅರ್ಧ ಹೊರಗೆಳೀರಿ!"

ಲಿಹ್ವಾ ಕಾಂಗಿನ ಮೇಲೆ ಹತ್ತಿ ಖಾನೆಯ ಅಡಿಗೆ ಮಣಿಕಟ್ಟು ತೂರಿಸಿದಳು. ಹಿತವನ್ನು ದಾಟಿತ್ತು, ಸುಡುವುದಕ್ಕೆ ಬಂದಿರಲಿಲ್ಲ. ಅಂಗಿ ತೆರೆದಳು. ಕಿಟಕಿ ಬದಿಯ ಮೂಲೆಯಲ್ಲಿ ಒಂದು ಗುಂಪು ಒದ್ದೆ ದಾರದಂತೆ ಮಲಗಿಬಿಟ್ಟಿತ್ತು. ಅವು ಇನ್ನೇಳುವುದಿಲ್ಲ. ಉಳಿದವು ನಿಂತಿದ್ದವು. ಸಣ್ಣ ಹಸಿರು ಎಲೆಗಳು, ಬಿಸಿಯ ಕಡೆಗೆ ಸ್ವಲ್ಪ ಬಾಗಿ.

ಎಲ್ಲರೂ ಬರುವಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಖಾನೆಯನ್ನು ತಳ್ಳತೊಡಗಿದ್ದಳು. ತಲೆಯಿಂದ ನಡುವಿಗೆ, ನಡುವಿನಿಂದ ಬಾಲಕ್ಕೆ, ಮಣ್ಣು ಅಲುಗದಂತೆ, ಗೇಣು ಗೇಣಾಗಿ. ಶೂಜೆನ್ ಬಂದು ಇನ್ನೊಂದು ಬದಿ ಹಿಡಿದಳು. ಅತ್ತೆಯ ದಿಂಬನ್ನು ಪಕ್ಕಕ್ಕೆ ಸರಿಸಿ ಅಲ್ಲಿಟ್ಟರು. ಒಂದು ಮೊಳಕೆ ಇನ್ನೂ ಸಿಪ್ಪೆಯ ಟೋಪಿ ಹೊತ್ತಿತ್ತು. ಶೂಜೆನ್ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ, ಆ ಟೋಪಿಯ ಮೇಲಿಟ್ಟು, ಎಳೆಯದೆ ಹಾಗೇ ಕಾದಳು.

ಬಾಗಿಲಿನಲ್ಲಿ ಮುದುಕ ಇಣುಕಿದ. "ನಿಂತಿವೆಯಾ?"

ಒಲೆ ಪಕ್ಕದ ತಲೆಭಾಗ ಈಗ ಖಾಲಿಯಾಗಿತ್ತು. ಚಾಪೆಯ ಮೇಲೆ ಖಾನೆಯಿದ್ದ ಜಾಗದಲ್ಲಿ ಚೌಕ ಗುರುತು, ಅದರಿಂದ ಮೇಲೇಳುವ ಬಿಸಿ. ಲಿಹ್ವಾ ನೀಲಿ ಅಂಗಿಯನ್ನು ಕೊಡವಿದಳು, ಮಣ್ಣು ಒರೆಸಿದಳು, ದಿಂಬನ್ನು ತಂದು ಒಲೆಯ ಕಡೆಗಿಟ್ಟಳು. ದಿಂಬಿಗೆ ಕೊರಳು ತಾಗುವಂತೆ ಅಂಗಿಯನ್ನು ಅಂಗಾತ ಹಾಸಿ, ಗುಂಡಿ ಹಾಕಿ, ಉಳಿದ ಒಂದು ತೋಳನ್ನು ಎದೆಯ ಮೇಲೆ ಮಡಿಸಿಟ್ಟಳು.